ಎರಡೇ ಕೈ, ಹದಿಮೂರು ಹಾಡು



ಇವತ್ತಿನ ಮಾತು ಒಂದು ಸಿ.ಡಿ.ಯನ್ನು ಕುರಿತದ್ದು. ನಮ್ಮ ಕನ್ನಡದ ವೇಳೆಯಲ್ಲಿ ದೇವರನಾಮ, ಭಾವಗೀತೆ, ರಂಗಗೀತೆಗಳನ್ನು ಕೇಳಿ ರೂಢಿಯಾದ ನಿಮಗೆ ಅಮೆರಿಕದ ಜಾಝ್ ಪಿಯಾನೊ ಯಾಕಪ್ಪಾ ಅಂತ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹತ್ತು ಹದಿನೈದು ನಿಮಿಷ ನನ್ನ ಜೊತೆ ಕೂತುಕೊಳ್ಳಿ. ಆಮೇಲೆ ಕೇಳಬೇಕೋ ಬೇಡವೋ ಅನ್ನುವುದನ್ನು ನೀವೇ ತೀರ್ಮಾನ ಮಾಡಿ.

ಸಿ.ಡಿ.ಯ ಹೆಸರು ‘ಪಿಯಾನೊ ಸ್ಟಾರ್ಟ್ಸ್ ಹಿಯರ್’. ಪಿಯಾನೊ ಇಲ್ಲಿಂದ ಶುರು ಎಂದು ಅರ್ಥ. ನುಡಿಸಿದವರು ಆರ್ಟ್ ಟೇಟಮ್. ಒಟ್ಟು ಹದಿಮೂರು ಹಾಡುಗಳು. ಹಾಡು ಅಂದೆನಾದರೂ ಹಾಡುವವರು ಯಾರೂ ಇಲ್ಲ. ಪಿಟೀಲಿಲ್ಲ, ಡ್ರಮ್ಸ್ ಇಲ್ಲ. ಒಬ್ಬ ಮನುಷ್ಯ, ಒಂದು ಪಿಯಾನೊ, ಅಷ್ಟೇ.

ಇದು ನನ್ನ ಕೈಗೆ ಬಂದದ್ದು ಆಫೀಸಿನ ಗೆಳೆಯರೊಬ್ಬರಿಂದ. ಬಾಂದ್ರಾದವರು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ತಾವು ನಿವೃತ್ತರಾಗುವ ದಿನ ಮೇಜಿನ ಖಾನೆ ಖಾಲಿ ಮಾಡುತ್ತಾ ಈ ಸಿ.ಡಿ. ತೆಗೆದು ನನ್ನ ಕೈಗಿತ್ತರು. ನೀನು ಚಿಕ್ಕಂದಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ ಅಂತ ಒಮ್ಮೆ ಹೇಳಿದ್ದೆಯಲ್ಲ, ಇದನ್ನು ಕೇಳು ಅಂದರು.

ಹೌದು, ನುಡಿಸುತ್ತಿದ್ದೆ. ಧಾರವಾಡದಲ್ಲಿ, ಹದಿನೇಳನೆಯ ವಯಸ್ಸಿನವರೆಗೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ನಮ್ಮ ಓಣಿಯ ಗಣಪತಿಯ ಮುಂದೆ ಪ್ರತಿ ವರ್ಷ ನನ್ನದೊಂದು ಸರದಿ ಇರುತ್ತಿತ್ತು. ಆ ವರ್ಷ ನನ್ನ ನಂತರ ಪರಊರಿನ ಹುಡುಗನೊಬ್ಬ ಕೂತ. ನನಗಿಂತ ಎರಡು ವರ್ಷ ಚಿಕ್ಕವನು. ಅವನು ಐದು ನಿಮಿಷ ನುಡಿಸುವುದರೊಳಗೆ ನನಗೆ ಗೊತ್ತಾಗಿಹೋಯಿತು, ನಾನು ಹತ್ತು ವರ್ಷ ಬೆವರು ಸುರಿಸಿದರೂ ಅಲ್ಲಿಗೆ ಮುಟ್ಟುವವನಲ್ಲ ಅಂತ. ಮನೆಗೆ ಬಂದು ಪೇಟಿಯ ಮುಚ್ಚಳ ಹಾಕಿದೆ. ಮರುದಿನ ಅವ್ವ, “ಯಾಕೋ ತಮ್ಮಾ, ಇವತ್ತ ಪೇಟಿ ಬಾರ್ಸೂದಿಲ್ಲೇನು?” ಅಂತ ಕೇಳಿದಳು. “ನಾಳೆ ಬಾರಸ್ತೇನವ್ವಾ” ಅಂದೆ. ಆ ನಾಳೆ ಬರಲೇ ಇಲ್ಲ. ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದೆ. ಅವ್ವ ತೀರಿಕೊಂಡ ಮೇಲೆ ಊರಿನ ಮನೆ ಖಾಲಿ ಮಾಡುವಾಗ ಪೇಟಿಯೂ ನನ್ನ ಹಿಂದೆ ಡೊಂಬಿವಿಲಿಗೆ ಬಂತು, ಮಂಚದ ಕೆಳಗೆ ಸೇರಿತು.

ಸಿ.ಡಿ. ಸಿಕ್ಕ ದಿನ ರಾತ್ರಿ ಊಟವಾದ ಮೇಲೆ ಹಾಕಿದೆ. ಹೆಸರು ನೋಡಿ ಆಕರ್ಷಕವೆನಿಸಿ ಮೂರನೆಯದನ್ನೇ ಮೊದಲು ಕೇಳಿದೆ. ‘ಟೈಗರ್ ರ‍್ಯಾಗ್’. 1933ರಲ್ಲಿ ಮುದ್ರಿಸಿದ್ದು. ಮೊದಲ ಕೆಲವು ಕ್ಷಣ ಮಂಜಿನೊಳಗೆ ಯಾರೋ ನಡೆದು ಬಂದ ಹಾಗೆ ನಿಧಾನ. ಮರುಕ್ಷಣ ಪಂಜರದ ಬಾಗಿಲು ತೆರೆದ ಹಾಗೆ ಹುಲಿ ಹೊರಗೆ! ಎರಡೂಕಾಲು ನಿಮಿಷದಲ್ಲಿ ಎಲ್ಲ ಮುಗಿದೇ ಹೋಯಿತು. ಮೊದಲು ನನಗೆ ನಗು ಬಂತು. ಆಮೇಲೆ ಗಣಪತಿಯ ಮುಂದೆ ಆದ ಅದೇ ಅಳುಕು ಆಯಿತು. ಇಂಥವನೊಬ್ಬ ಇದ್ದಮೇಲೆ ಉಳಿದವರೆಲ್ಲ ಯಾಕೆ ನುಡಿಸಬೇಕು? ಸಿ.ಡಿ.ಯನ್ನು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆ.

ಒಂದು ವಾರದ ಮೇಲೆ ಗೆಳೆಯರ ಫೋನ್ ಬಂತು. ಮೂರನೆಯದರಿಂದ ಶುರು ಮಾಡಿದೆ ಎಂದಾಗ ಅವರು ನಕ್ಕುಬಿಟ್ಟರು. ಬೆಟ್ಟವನ್ನು ಯಾರಾದರೂ ಕಡಿದಾದ ಕಡೆಯಿಂದ ಹತ್ತುತ್ತಾರೆಯೇ, ಏಳನೆಯದರಿಂದ ಹತ್ತು ಅಂದರು. ಆ ಮಾತನ್ನು ನಾನು ಕೇಳಿದ್ದರಿಂದಲೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ಹಾಡಿಗೆ ಹೋಗುವ ಮೊದಲು ಈ ಮನುಷ್ಯ ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ಆರ್ಟ್ ಟೇಟಮ್ ಹುಟ್ಟಿದ್ದು 1909ರ ಅಕ್ಟೋಬರ್ 13ರಂದು, ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ಎಂಬ ಊರಿನಲ್ಲಿ. ಕರಿಯರ ಸಾಧಾರಣ ಕುಟುಂಬ. ಎಳವೆಯಿಂದಲೇ ಕಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆಗಳಾದರೂ ಒಂದು ಕಣ್ಣು ಹೆಚ್ಚುಕಡಿಮೆ ಹೋದಂತೆಯೇ, ಇನ್ನೊಂದರಲ್ಲಿ ಅಷ್ಟಿಷ್ಟು ಬೆಳಕು. ಹುಡುಗ ಕಲಿತದ್ದೆಲ್ಲ ಬಹುಪಾಲು ಕಿವಿಯಿಂದ. ಆ ಕಾಲಕ್ಕೆ ತಾನೇ ನುಡಿಯುವ ಪಿಯಾನೊಗಳಿದ್ದವು. ತೂತು ಹೊಡೆದ ಕಾಗದದ ಸುರುಳಿ ಹಾಕಿದರೆ ಮನೆಗಳು ತಾವೇ ಕೆಳಗಿಳಿದು ಮೇಲೇಳುತ್ತಿದ್ದವು. (ಪಿಯಾನೊದ ಕರಿ ಬಿಳಿ ಪಟ್ಟಿಗಳನ್ನು ಪೇಟಿಯ ರೂಢಿಯಂತೆ ಮನೆ ಅನ್ನುತ್ತಿದ್ದೇನೆ.) ಆ ಸುರುಳಿಗಳನ್ನು ಕೇಳಿ ಕೇಳಿ ಟೇಟಮ್ ಪಾಠ ಮಾಡಿಕೊಂಡ. ಆಮೇಲೆ ಕಣ್ಣಿಲ್ಲದವರ ಶಾಲೆಯಲ್ಲಿ, ಸಂಗೀತಶಾಲೆಯಲ್ಲಿ ಕ್ರಮವಾದ ಶಿಕ್ಷಣವೂ ಸಿಕ್ಕಿತು.

ರೇಡಿಯೊ ಕೇಳುವ ನಮಗೆ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ಟೇಟಮ್ ಮೊದಲು ಹೆಸರು ಮಾಡಿದ್ದು ರೇಡಿಯೊದಲ್ಲೇ. 1927ರ ಹೊತ್ತಿಗೆ ಟೊಲೀಡೊದ ನಿಲಯದಲ್ಲಿ ಗೃಹಿಣಿಯರಿಗಾಗಿ ಅಂಗಡಿ-ಖರೀದಿಯ ಮಾತುಕತೆಯ ಕಾರ್ಯಕ್ರಮವೊಂದು ಬರುತ್ತಿತ್ತು. ಮಾತಿನ ನಡುವಿನ ಬಿಡುವು ತುಂಬುವುದಕ್ಕೆ ಈ ಹುಡುಗನ ಪಿಯಾನೊ. ಸ್ವಲ್ಪ ದಿನಕ್ಕೆ ಅವನಿಗೇ ಒಂದು ಪ್ರತ್ಯೇಕ ಕಾರ್ಯಕ್ರಮ ಕೊಟ್ಟರು. ನಮ್ಮ ನಿಲಯಗಳಲ್ಲೂ ಮಾತಿನ ಮಧ್ಯೆ ಕಿರು ವಾದ್ಯಸಂಗೀತ ಬರುತ್ತದಲ್ಲ, ಇನ್ನು ಮೇಲೆ ಅದನ್ನೂ ಸ್ವಲ್ಪ ಕಿವಿಗೊಟ್ಟು ಕೇಳಿ!

1932ರಲ್ಲಿ ಟೇಟಮ್ ಗಾಯಕಿ ಅಡಿಲೇಡ್ ಹಾಲ್ ಅವರ ಜೊತೆಗಾರನಾಗಿ ನ್ಯೂಯಾರ್ಕಿಗೆ ಬಂದ. ಅಲ್ಲಿ ಹಾರ್ಲೆಮ್‌ನಲ್ಲಿ ಪಿಯಾನೊ ಪೈಲ್ವಾನರಿದ್ದರು. ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್, ವಿಲ್ಲಿ ‘ದಿ ಲಯನ್’ ಸ್ಮಿತ್. ರಾತ್ರಿ ಪಡಖಾನೆಗಳಲ್ಲಿ ಸರದಿಯಂತೆ ಕೂತು ಸೆಣಸುವುದು ಅವರ ರೂಢಿ. ಅಂಥ ಒಂದು ರಾತ್ರಿ ಟೊಲೀಡೊದ ಹುಡುಗ ‘ಟೀ ಫಾರ್ ಟೂ’ ಮತ್ತು ‘ಟೈಗರ್ ರ‍್ಯಾಗ್’ ನುಡಿಸಿದ. ಸೆಣಸಾಟ ಅಲ್ಲಿಗೆ ಮುಗಿಯಿತು. ಮುಂದೆ ವಾಲರ್ ಒಂದು ಕಡೆ ನುಡಿಸುತ್ತಿದ್ದಾಗ ಟೇಟಮ್ ಒಳಗೆ ಬಂದದ್ದನ್ನು ನೋಡಿ, ನಾನು ಬರೀ ಪಿಯಾನೊ ನುಡಿಸುವವನು, ಇವತ್ತು ದೇವರೇ ಮನೆಗೆ ಬಂದಿದ್ದಾನೆ ಎಂಬ ಅರ್ಥದ ಮಾತು ಹೇಳಿದನೆಂದು ಜಾಝ್ ಲೋಕದಲ್ಲಿ ಇವತ್ತಿಗೂ ಕತೆ ಹೇಳುತ್ತಾರೆ.

ಈಗ ಸಿ.ಡಿ.ಗೆ ಬರೋಣ. ಇದು ಸಂಕಲನ. ಕೊಲಂಬಿಯಾ ಕಂಪನಿ ಇದನ್ನು ಮೊದಲು ಎಲ್.ಪಿ. ತಟ್ಟೆಯಾಗಿ ಹೊರತಂದದ್ದು 1968ರಲ್ಲಿ, ಟೇಟಮ್ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ. ಇದರಲ್ಲಿ ಎರಡು ಕಾಲಗಳಿವೆ. ಮೊದಲ ನಾಲ್ಕು ಹಾಡುಗಳನ್ನು 1933ರ ಮಾರ್ಚ್ 21ರಂದು, ಒಂದೇ ದಿನ, ಸ್ಟುಡಿಯೊದಲ್ಲಿ ಮುದ್ರಿಸಿದ್ದು. ಆಗ ಟೇಟಮ್‌ಗೆ ಇಪ್ಪತ್ತಮೂರು. ಉಳಿದ ಒಂಬತ್ತು 1949ರ ವಸಂತದಲ್ಲಿ ಲಾಸ್ ಏಂಜಲಿಸ್‌ನ ಶ್ರೈನ್ ಸಭಾಂಗಣದಲ್ಲಿ ಜನರ ಮುಂದೆ ನುಡಿಸಿದ್ದು. ಆಗ ಮೂವತ್ತೊಂಬತ್ತು. ನಡುವೆ ಹದಿನಾರು ವರ್ಷ.

ಸಂಕಲನ ಅಂದರೆ ಕಲಸುಮೇಲೋಗರ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಈ ಸಂಕಲನದ ಸೊಗಸು ಇರುವುದೇ ಈ ಹದಿನಾರು ವರ್ಷದ ಸಂದಿನಲ್ಲಿ. ನಾಲ್ಕನೆಯದು ಮುಗಿದು ಐದನೆಯದು ಶುರುವಾದಾಗ ಹಳೆಯ ತಟ್ಟೆಯ ಸದ್ದು ಹೋಗಿ ಜನ ತುಂಬಿದ ಸಭಾಂಗಣದ ಗಾಳಿ ಬರುತ್ತದೆ, ಚಪ್ಪಾಳೆ ಬರುತ್ತದೆ. ಹುಡುಗ ದೊಡ್ಡವನಾಗಿದ್ದಾನೆ. ವೇಗ ಕಡಿಮೆಯಾಗಿಲ್ಲ, ಆದರೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗಿದೆ.

ಕೇಳುವುದು ಹೇಗೆ? ನನಗೆ ಒದಗಿದ ದಾರಿಯನ್ನು ಹೇಳುತ್ತೇನೆ.

ಗೆಳೆಯರು ಹೇಳಿದಂತೆ ಏಳನೆಯದನ್ನು ಮೊದಲು ಕೇಳಿ. ‘ಸಮ್‌ವನ್ ಟು ವಾಚ್ ಓವರ್ ಮಿ’. ಜಾರ್ಜ್ ಗರ್ಶ್ವಿನ್ 1926ರಲ್ಲಿ ಕಟ್ಟಿದ ರಾಗ. ನನ್ನನ್ನು ನೋಡಿಕೊಳ್ಳುವವರು ಯಾರಾದರೂ ಬೇಕಿತ್ತು ಅನ್ನುವ ಹಾಡು. ಟೇಟಮ್ ಇಲ್ಲಿ ತಾಳದ ಹಿಡಿತ ಸಡಿಲ ಬಿಟ್ಟು, ನಮ್ಮವರು ಆಲಾಪ ಮಾಡಿದ ಹಾಗೆ ಒಂದೊಂದೇ ಸಾಲನ್ನು ಎತ್ತಿ ನೋಡುತ್ತಾರೆ. ಸಾಲು ಮುಗಿದ ಕಡೆ ಉಳಿಯುವ ಮೌನದಲ್ಲಿ ಬೆರಳುಗಳು ಮೇಲಿನಿಂದ ಕೆಳಕ್ಕೆ ಮಣಿ ಸುರಿದ ಹಾಗೆ ಹರಿಯುತ್ತವೆ. ಆದರೆ ಮುಂದಿನ ಸಾಲು ಬರುವ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತವೆ.

ಎರಡನೆಯದಾಗಿ ‘ಟೀ ಫಾರ್ ಟೂ’ ಕೇಳಿ. ಇದನ್ನು ಮೂರು ಸಲ ಕೇಳಬೇಕು. ಮೊದಲ ಸಲ ರಾಗವನ್ನಷ್ಟೇ ಹಿಡಿಯಿರಿ, ಒಮ್ಮೆ ಕೇಳಿದರೆ ಗುನುಗಬಹುದಾದಷ್ಟು ಸರಳವಾಗಿದೆ. ಎರಡನೆಯ ಸಲ ಎಡಗೈಯನ್ನು ಮಾತ್ರ ಕೇಳಿ. ಕೆಳಗಿನ ಮಂದ್ರದಲ್ಲಿ ಒಂದು ಪೆಟ್ಟು, ಕೂಡಲೇ ನಡುವಿನಲ್ಲಿ ಮೂರು ನಾಲ್ಕು ಮನೆಗಳನ್ನು ಒಟ್ಟಿಗೆ ಒತ್ತಿದ ಸ್ವರಗುಚ್ಛ. ದುಮ್-ಚಕ್, ದುಮ್-ಚಕ್. ಕೈ ಅಷ್ಟು ದೂರ ಹಾರಿ ಹಾರಿ ಬೀಳಬೇಕು. ಇದಕ್ಕೆ ಸ್ಟ್ರೈಡ್ ಅನ್ನುತ್ತಾರೆ, ದಾಪುಗಾಲು ಅಂದರೆ ಸರಿಹೋದೀತು. ತಬಲವೂ ತಂಬೂರಿಯೂ ಎರಡೂ ಆ ಎಡಗೈಯೇ. ಮೂರನೆಯ ಸಲ ಎರಡನ್ನೂ ಕೂಡಿಸಿ ಕೇಳಿ. ಈ ಹಾಡು 32 ಬಾರುಗಳ ಒಂದು ಸುತ್ತು, ಬಾರಿಗೆ ನಾಲ್ಕರಂತೆ 128 ಎಣಿಕೆ. ನಮ್ಮ ಆವರ್ತನದ ಹಾಗೆ ಅದೇ ಸುತ್ತು ಮತ್ತೆ ಮತ್ತೆ ಬರುತ್ತದೆ. ತಾನು ಎಲ್ಲೆಲ್ಲೋ ಸುತ್ತಿ ಬಂದು ಸಮ್ ಮೇಲೆ ಬೀಳುವಾಗ ನಾವು ತಲೆದೂಗುತ್ತೇವಲ್ಲ, ಆ ಸಂತೋಷ ಇಲ್ಲಿಯೂ ಇದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಪಿಯಾನೊದಲ್ಲಿ ಗಮಕವಿಲ್ಲ, ಮೀಂಡ್ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರಲು ಬರುವುದಿಲ್ಲ. ಇದೇ ಕೊರತೆಯನ್ನು ಮುಂದಿಟ್ಟುಕೊಂಡೇ 1940ರಲ್ಲಿ ನಮ್ಮ ದೇಶದ ರೇಡಿಯೊದಿಂದ ಪೇಟಿಯನ್ನು ಹೊರಗೆ ಹಾಕಿದ್ದರು, ದಶಕಗಳ ಕಾಲ ಅದು ಹೊರಗೇ ಇತ್ತು. ಹಾಗಾದರೆ ಗಮಕವಿಲ್ಲದ ಪಿಯಾನೊದಲ್ಲಿ ಟೇಟಮ್ ಏನು ಮಾಡುತ್ತಾರೆ? ರಾಗದ ಸಾಲನ್ನು ಹಾಗೇ ಇಟ್ಟು ಅದರ ಕೆಳಗಿನ ನೆಲವನ್ನು ಬದಲಾಯಿಸುತ್ತಾರೆ. ಅದೇ ಸ್ವರ, ಕೆಳಗೆ ಬೇರೆ ಸ್ವರಗುಚ್ಛ. ಅದೇ ಕಿಟಕಿಯಲ್ಲಿ ಬೆಳಿಗ್ಗೆಯ ಬಿಸಿಲು ಹೋಗಿ ಮಳೆಮೋಡ ಕವಿದ ಹಾಗೆ. ನಾವು ಸ್ವರದ ಒಳಗೆ ಹುಡುಕುವ ಬಣ್ಣವನ್ನು ಅವರು ಸ್ವರದ ಅಡಿಯಲ್ಲಿ ಹುಡುಕುತ್ತಾರೆ. ಇದು ಕಿವಿಗೆ ಹತ್ತಿತೆಂದರೆ ಜಾಝಿನ ಅರ್ಧ ಬಾಗಿಲು ತೆರೆದಂತೆ.

ಆಮೇಲೆ ಆರನೆಯದು, ‘ಹ್ಯೂಮರೆಸ್ಕ್’. ಇದು ಜಾಝ್ ಹಾಡಲ್ಲ, ಬೊಹಿಮಿಯಾದ ದ್ವೊರ್ಝಾಕ್ 1894ರಲ್ಲಿ ಬರೆದ ಪಿಯಾನೊ ಕೃತಿ. ಟೇಟಮ್ ಅದನ್ನು ಮೊದಲು ಶಿಸ್ತಿನ ವಿದ್ಯಾರ್ಥಿಯಂತೆ ನುಡಿಸಿ, ಇದ್ದಕ್ಕಿದ್ದಂತೆ ಎಡಗೈಯ ದಾಪುಗಾಲು ಹಾಕಿಬಿಡುತ್ತಾರೆ. ಮದುವೆಮನೆಯಲ್ಲಿ ಗಂಭೀರವಾಗಿ ಕೂತಿದ್ದ ಸೋದರಮಾವ ಎದ್ದು ಕುಣಿದ ಹಾಗೆ! ಆದರೆ ಲೇವಡಿಯಲ್ಲ, ಪ್ರೀತಿಯ ಚೇಷ್ಟೆ. ಮತ್ತೆ ಬಂದು ಮರ್ಯಾದೆಯಿಂದ ಕೂರುತ್ತಾರೆ. ಇದಾದ ಮೇಲೆ ‘ಯೆಸ್ಟರ್‌ಡೇಸ್’, ‘ವಿಲ್ಲೋ ವೀಪ್ ಫಾರ್ ಮಿ’ ಕೇಳಿ. ಎಲ್ಲಕ್ಕೂ ಕೊನೆಗೆ ‘ಟೈಗರ್ ರ‍್ಯಾಗ್’ಗೆ ಬನ್ನಿ. ಆಗ ಅದು ಹೆದರಿಸುವುದಿಲ್ಲ. ಯಾವ ಬೆರಳುಗಳು ಇವು ಅನ್ನುವ ಪರಿಚಯ ನಿಮಗಾಗಿರುತ್ತದೆ.

ಟೇಟಮ್ ಮೇಲೆ ಆಕ್ಷೇಪಣೆಗಳೇ ಇಲ್ಲವೆಂದಲ್ಲ. ಫ್ರಾನ್ಸಿನ ವಿಮರ್ಶಕ ಆಂದ್ರೆ ಓದೇರ್ 1955ರ ಸುಮಾರಿಗೆ ಕಟುವಾಗಿಯೇ ಟೀಕಿಸಿದರು. ಬೇರೆಯವರ ಹಾಡಿಗೆ ಒಡವೆ ಹಾಕುತ್ತಾರೆ, ಹೊಸದನ್ನು ಕಟ್ಟುವುದಿಲ್ಲ ಎಂಬುದು ಆ ಟೀಕೆಯ ತಿರುಳು. ಸ್ವರ ಜಾಸ್ತಿಯಾಯಿತು ಅನ್ನುವವರು ಇವತ್ತಿಗೂ ಇದ್ದಾರೆ. ಒಂದೇ ಗುಕ್ಕಿಗೆ ಹದಿಮೂರನ್ನೂ ಕೇಳಿದರೆ ನನಗೂ ಹಾಗನ್ನಿಸುತ್ತದೆ. ಹೋಳಿಗೆಯನ್ನು ಹದಿಮೂರು ತಿಂದರೆ ತಪ್ಪು ಹೋಳಿಗೆಯದ್ದಲ್ಲ. ದಿನಕ್ಕೆ ಎರಡು ಕೇಳಿ. 1933ರ ಹಾಡುಗಳನ್ನು ಮಾಡಿದ್ದೇ ಒಂದೊಂದು ತಟ್ಟೆಯ ಒಂದು ಮಗ್ಗುಲಿಗೆ, ಮೂರು ನಿಮಿಷದ ಲೆಕ್ಕಕ್ಕೆ. ಜನ ಅದನ್ನು ಹಾಗೆಯೇ, ಒಂದೊಂದಾಗಿ ಕೇಳಿದ್ದರು.

ಇದು ಪರದೇಶದ ಸಂಗೀತ, ನಮಗೆ ಹತ್ತುವುದಿಲ್ಲ ಅನ್ನುವವರಿಗೆ ಇನ್ನೊಂದು ಮಾತು. ಮುಂಬಯಿ, ಕೋಲ್ಕತ್ತಗಳಿಗೆ ಈ ಸಂಗೀತ ಬಂದು ಬಹಳ ಕಾಲವಾಯಿತು. ಶಿಕಾಗೋದಲ್ಲಿ ಹೆಸರು ಮಾಡಿದ್ದ ಟೆಡ್ಡಿ ವೆದರ್‌ಫೋರ್ಡ್ ಎಂಬ ಜಾಝ್ ಪಿಯಾನೊ ವಾದಕ 1930ರ ದಶಕದಲ್ಲಿ ನಮ್ಮ ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸುತ್ತಿದ್ದ. 1945ರಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡ. ಹೋಟೆಲಿನ ವಾದ್ಯವೃಂದಗಳಲ್ಲಿ ಪಳಗಿದ ಗೋವಾದ ಕಲಾವಿದರೇ ಆಮೇಲೆ ಹಿಂದಿ ಚಿತ್ರಸಂಗೀತಕ್ಕೆ ಬಂದರು. 1951ರ ‘ಅಲ್‌ಬೇಲಾ’ ಚಿತ್ರದ ಹಾಡುಗಳಿಗೆ ಕಾಲು ಕುಣಿಸಿದ್ದರೆ ನಿಮಗೆ ಜಾಝ್ ಆಗಲೇ ಗೊತ್ತು. ನಮ್ಮ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುವಾಗ, ಅಮೆರಿಕದ ಜಾನ್ ಹ್ಯಾಂಡಿ ತಾವಾಗಿ ಕೇಳಿಕೊಂಡು ಅದೇ ವೇದಿಕೆ ಹತ್ತಿ ಜೊತೆಗೆ ನುಡಿಸಿದರು. ಕಿವಿ ತೆರೆದಿದ್ದವರಿಗೆ ಪರದೇಶ ಅನ್ನುವುದು ಆ ಸಂಜೆ ಅಡ್ಡ ಬರಲಿಲ್ಲ.

ಈಗ ನಾನು ಕಪಾಟಿನಲ್ಲಿ ಮುಚ್ಚಿಟ್ಟ ಪ್ರಶ್ನೆಗೆ ಬರುತ್ತೇನೆ. ಇಂಥವನೊಬ್ಬ ಇದ್ದಮೇಲೆ ಉಳಿದವರು ಯಾಕೆ ನುಡಿಸಬೇಕು?

ಈ ಪ್ರಶ್ನೆ ನನಗಿಂತ ಎಷ್ಟೋ ದೊಡ್ಡವರನ್ನು ಕಾಡಿತ್ತು. ಕೆನಡಾದ ಆಸ್ಕರ್ ಪೀಟರ್ಸನ್, ಮುಂದೆ ಜಗತ್ತೇ ಕೊಂಡಾಡಿದ ಪಿಯಾನೊ ವಾದಕ, ಹುಡುಗನಾಗಿದ್ದಾಗ ತನ್ನ ಕೈಚಳಕದ ಬಗ್ಗೆ ಸ್ವಲ್ಪ ಬೀಗುತ್ತಿದ್ದ. ರೈಲಿನಲ್ಲಿ ಪೋರ್ಟರ್ ಆಗಿದ್ದ ತಂದೆ ಒಂದು ದಿನ ಟೇಟಮ್‌ನ ‘ಟೈಗರ್ ರ‍್ಯಾಗ್’ ತಟ್ಟೆ ತಂದು ಕೇಳಿಸಿದರು. ಹುಡುಗ ಕೇಳಿದ, ಇಬ್ಬರು ಕೂಡಿ ನುಡಿಸುತ್ತಿದ್ದಾರೆ ಅಂದುಕೊಂಡ. ಒಬ್ಬನೇ ಎಂದು ತಿಳಿದಾಗ ಪಿಯಾನೊ ಮುಟ್ಟುವುದನ್ನೇ ಬಿಟ್ಟ, ವಾರಗಟ್ಟಲೆ. ಆದರೆ ಮತ್ತೆ ಕೂತ. ಬೆಳೆದ ಮೇಲೆ ಟೇಟಮ್ ಅವರ ಸ್ನೇಹವೂ ಆಯಿತು. ಆಗಲೂ ಅವರು ಕೋಣೆಯಲ್ಲಿದ್ದರೆ ಪೀಟರ್ಸನ್ ಕೈ ನಡುಗುತ್ತಿತ್ತಂತೆ. ಟೇಟಮ್ ಅದಕ್ಕೆ ಸಮಾಧಾನ ಹೇಳಿದ್ದನ್ನು ಪೀಟರ್ಸನ್ ಮುಂದೆ ನೆನೆಯುತ್ತಿದ್ದರು. ನನಗೊಬ್ಬ ಮುದುಕ ಗೊತ್ತು, ಅವನಿಗೆ ಬರುವುದು ಬ್ಲೂಸಿನ ಒಂದೇ ಒಂದು ಸುತ್ತು, ಆದರೆ ಅದನ್ನು ಅವನ ಹಾಗೆ ನುಡಿಸುವುದಕ್ಕೆ ನನಗೂ ಬರುವುದಿಲ್ಲ ಎಂಬರ್ಥದ ಮಾತು ಅದು.

ನೋಡಿ, ಯಾರನ್ನು ಕೇಳಿ ಉಳಿದವರು ಪಿಯಾನೊ ಮುಚ್ಚುತ್ತಿದ್ದರೋ ಆ ಮನುಷ್ಯ ಒಂದೇ ಸುತ್ತು ಬರುವ ಮುದುಕನನ್ನು ಕೇಳಿ ಆಸೆಪಡುತ್ತಿದ್ದ. ನಾನು ಗಣಪತಿಯ ಮುಂದೆ ಕೂತಿದ್ದಾಗ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಆ ಹುಡುಗ ಚೆನ್ನಾಗಿ ನುಡಿಸಿದ್ದು ನನ್ನ ಸೋಲಾಗಿರಲಿಲ್ಲ. ಅದು ನನಗೆ ಸಿಕ್ಕಿದ್ದ ಐದು ನಿಮಿಷದ ಒಳ್ಳೆಯ ಸಂಗೀತ. ಅದನ್ನು ಕೇಳಿ ಸುಖಪಡುವುದನ್ನು ಬಿಟ್ಟು ನಾನು ಅಳತೆಪಟ್ಟಿ ಹಿಡಿದು ಕೂತಿದ್ದೆ.

ಟೇಟಮ್ 1956ರ ನವೆಂಬರ್ 5ರಂದು ಲಾಸ್ ಏಂಜಲಿಸ್‌ನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ನಲವತ್ತೇಳೇ ವರ್ಷ. ಅದೃಷ್ಟಕ್ಕೆ ನಾರ್ಮನ್ ಗ್ರಾಂಜ್ ಎಂಬ ನಿರ್ಮಾಪಕರು 1953ರ ಕೊನೆಯಿಂದ ಅವರನ್ನು ಸ್ಟುಡಿಯೊದಲ್ಲಿ ಕೂರಿಸಿ, ಮನಸ್ಸಿಗೆ ಬಂದದ್ದನ್ನು ನುಡಿಸಿ ಎಂದು ನೂರಕ್ಕೂ ಹೆಚ್ಚು ಹಾಡುಗಳನ್ನು ಮುದ್ರಿಸಿಕೊಂಡರು. ಈ ಹದಿಮೂರು ರುಚಿಸಿದವರಿಗೆ ಮುಂದೆ ಆ ಕಣಜವಿದೆ.

ಕೊನೆಯದಾಗಿ ಒಂದು ಸ್ವಾರಸ್ಯ. 2007ರಲ್ಲಿ ಅದೇ ಶ್ರೈನ್ ಸಭಾಂಗಣದಲ್ಲಿ, ಜನರ ಮುಂದೆ, ಒಂದು ಪಿಯಾನೊ ಇಟ್ಟರು. ನುಡಿಸುವವರು ಯಾರೂ ಇರಲಿಲ್ಲ. ಹಳೆಯ ಮುದ್ರಣದ ಒಂದೊಂದು ಸ್ವರವನ್ನೂ ಕಂಪ್ಯೂಟರಿನಿಂದ ಅಳೆದು, ಈ ಹದಿಮೂರನ್ನೂ ಆ ಪಿಯಾನೊ ತಾನೇ ನುಡಿಯುವಂತೆ ಮಾಡಿ ಹೊಸದಾಗಿ ಮುದ್ರಿಸಿದರು. ಮರುವರ್ಷ ಅದೂ ಸಿ.ಡಿ.ಯಾಗಿ ಬಂತು. ತಾನೇ ನುಡಿಯುವ ಪಿಯಾನೊದಿಂದ ಪಾಠ ಕಲಿತ ಕಣ್ಣಿಲ್ಲದ ಹುಡುಗನನ್ನು ಮತ್ತೆ ತಾನೇ ನುಡಿಯುವ ಪಿಯಾನೊ ನುಡಿಸಿತು. ನಾನು ಎರಡನ್ನೂ ಕೇಳಿದ್ದೇನೆ. ಹೊಸದು ಸ್ವಚ್ಛವಾಗಿದೆ. ಆದರೂ ನನಗೆ ಹಳೆಯದೇ ಇಷ್ಟ, ಅದರಲ್ಲಿ ಬೆವರಿದ ಕೈಗಳಿವೆ.

ಈಗ ಈ ಸಿ.ಡಿ.ಯನ್ನೇ ಹುಡುಕಬೇಕೆಂದಿಲ್ಲ, ಮೊಬೈಲಿನಲ್ಲಿ ಹೆಸರು ಹೇಳಿದರೂ ಸಿಗುತ್ತದೆ. ಲೋಕಲ್ ಟ್ರೇನಿನಲ್ಲಿ, ಮೆಟ್ರೊದಲ್ಲಿ, ರಾತ್ರಿ ಪಾತ್ರೆ ತೊಳೆಯುವಾಗ, ದಿನಕ್ಕೆ ಎರಡರಂತೆ ಕೇಳಿ ನೋಡಿ. ಏಳನೆಯದರಿಂದ ಶುರು ಮಾಡುವುದನ್ನು ಮರೆಯಬೇಡಿ.

ಪೇಟಿಯ ವಿಷಯ ಹೇಳದೆ ಹೋದರೆ ನೀವು ಕೇಳದೆ ಬಿಡುವವರಲ್ಲ. ಮಂಚದ ಕೆಳಗಿಂದ ತೆಗೆದೆ. ಭಾತೆ ಹರಿದಿತ್ತು, ಎರಡು ಮನೆ ಮೂಕವಾಗಿದ್ದವು. ದಾದರಿನಲ್ಲಿ ರಿಪೇರಿಗೆ ಕೊಟ್ಟೆ. ಈಗ ಸಂಜೆ ಹೊತ್ತು ಅವ್ವನಿಗೆ ಇಷ್ಟವಾಗಿದ್ದ ಒಂದು ದೇವರನಾಮವನ್ನು ಬಾರಿಸುತ್ತೇನೆ. ಒಂದೇ ಒಂದು. ಬೆರಳು ಅಲ್ಲಲ್ಲಿ ತಪ್ಪುತ್ತವೆ. ಪಕ್ಕದ ಮನೆಯವರು ಇನ್ನೂ ದೂರು ಕೊಟ್ಟಿಲ್ಲ.